ಒಬ್ಬರಿಗಷ್ಟೇ ಬುಕ್ಕಾದ ದ್ವೀಪ

ವಾಕಡ

ವಾಕಡದ ನಮ್ಮ ಮನೆಯಲ್ಲಿ ದ್ವೀಪಕ್ಕೆ ಪೈಪೋಟಿ ಕೊಟ್ಟಿದ್ದು ಒಂದು ಮಿಕ್ಸರ್. ಹೋಟೆಲ್ ಕಂಪನಿಯ ಪಾಯಿಂಟುಗಳನ್ನು ಈ ವರ್ಷ ಬಳಸದಿದ್ದರೆ ಎಲ್ಲ ರದ್ದಾಗುತ್ತವೆ ಎಂದು ಮೊಬೈಲಿಗೆ ಸಂದೇಶ ಬಂತು. ನಮ್ಮ ಮನೆಯವರು ಕನ್ನಡಕ ಏರಿಸಿ, ಪಾಯಿಂಟಿಗೆ ಏನೇನು ಸಿಗುತ್ತದೆಂಬ ಪಟ್ಟಿ ತೆರೆದು, ಮೂರು ಜಾರಿನ ಮಿಕ್ಸರ್ ಅದ ನೋಡು ಎಂದರು. ನಾನೂ ಇಣುಕಿದೆ. ಮಿಕ್ಸರಿನ ಕೆಳಗೆ ಇಸ್ತ್ರಿಪೆಟ್ಟಿಗೆ ಇತ್ತು, ಇಸ್ತ್ರಿಪೆಟ್ಟಿಗೆಯ ಕೆಳಗೆ ಹಿಂದೂ ಮಹಾಸಾಗರ ಇತ್ತು.

ಮನೆಯವರ ಹೆಸರು ಬಸವರಾಜ. ಗದಗಿನವರು, ಚಾಕಣದ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಬಿಸ್ಕತ್ತು, ಶಾಂಪೂ, ಮಸಾಲೆ ಪುಡಿ ಇವನ್ನೆಲ್ಲ ಪಾಕೀಟಿಗೆ ತುಂಬುವ ಮಷಿನ್ನುಗಳಿವೆಯಲ್ಲ, ಅವನ್ನು ದೇಶದ ತುಂಬ ಕೂರಿಸುವುದು, ಕೆಟ್ಟಾಗ ಓಡಿಹೋಗಿ ರಿಪೇರಿ ಮಾಡುವುದು ಅವರ ಕೆಲಸ. ಹದಿನೆಂಟು ವರ್ಷದಿಂದ ತಿಂಗಳಲ್ಲಿ ಇಪ್ಪತ್ತು ದಿನ ಪರವೂರು. ಹೋದಲ್ಲೆಲ್ಲ ಒಂದೇ ಹೆಸರಿನ ಹೋಟೆಲಿನಲ್ಲಿ ಉಳಿಯುತ್ತಿದ್ದರು, ಪಾಯಿಂಟು ಬೆಳೆದದ್ದು ಹಾಗೆ. ಅಂದರೆ ಅವರು ಮನೆಯಲ್ಲಿ ಮಲಗದ ಒಂದೊಂದು ರಾತ್ರಿಗೂ ಪಾಯಿಂಟು ಬಿದ್ದಿದೆ. ಮಗಳಿಗೆ ಮಂಗನಬಾವು ಬಂದಾಗಿನ ಪಾಯಿಂಟು, ಪೈಪು ಒಡೆದು ಹಾಲ್ ತುಂಬ ನೀರು ನಿಂತಾಗಿನ ಪಾಯಿಂಟು, ನನ್ನ ನಲವತ್ತನೇ ಹುಟ್ಟುಹಬ್ಬದ ಪಾಯಿಂಟು. ಅದರಲ್ಲಿ ಚಟ್ನಿ ರುಬ್ಬಿಕೊಂಡು ಕೂಡಲು ನಾನು ತಯಾರಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಜೂನ್ ಒಂದರಿಂದ ಅವರ ಟೂರ್ ಬಂದ್. ಆಫೀಸಿನಲ್ಲೇ ಕೂತು ಹೊಸಬರಿಗೆ ಕಲಿಸಬೇಕು, ದಿನಾ ಸಂಜೆ ಆರಕ್ಕೆ ಮನೆ. ಮಗಳು ನಾಗಪುರದ ಹಾಸ್ಟೆಲಿನಲ್ಲಿದ್ದಾಳೆ, ಇನ್ನು ಉಳಿದದ್ದು ನಾವಿಬ್ಬರೇ. ಎಲ್ಲರೂ ನನಗೆ ಅಭಿನಂದನೆ ಹೇಳಿದರು. ನನಗೋ ಹೆದರಿಕೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಈ ಮನುಷ್ಯನ ಜೊತೆ ಒಂದು ವಾರ ಸಲೀಸಾಗಿ ಕಳೆದ ನೆನಪು ನನಗಿಲ್ಲ. ನಾಲ್ಕನೇ ದಿನಕ್ಕೇ ಅವರು ಸೂಟ್‌ಕೇಸಿನ ಸುತ್ತ ಸುಳಿದಾಡಲು ಶುರು ಮಾಡುತ್ತಾರೆ. ಹಾಗಾಗಿ ಒಂದು ಪರೀಕ್ಷೆ ಆಗಿಯೇ ಬಿಡಲಿ ಎಂದುಕೊಂಡೆ. ನಾಲ್ಕು ರಾತ್ರಿ, ಒಂದೇ ಕೋಣೆ, ಓಡಿಹೋಗಲು ಸುತ್ತ ರಸ್ತೆಯೇ ಇಲ್ಲದ ಜಾಗ. ನಪಾಸಾದರೆ ಜೂನ್ ಬರುವ ಮೊದಲೇ ಗೊತ್ತಾಗಲಿ.

ಇನ್ನೂ ವಾಕಡ

ದ್ವೀಪ ಆರಿಸಲು ಮೂರು ವಾರ ಹಿಡಿಯಿತು. ನಮ್ಮ ಮದುವೆ ಗೊತ್ತಾದದ್ದು ಒಂದೂವರೆ ತಾಸಿನಲ್ಲಿ.

ಸಹಾಯಕ್ಕೆ ಬಂದವಳು ಮೇಲಿನ ಮಹಡಿಯ ಚೈತ್ರಾ. ಮಂಡ್ಯದ ಹುಡುಗಿ, ಖರಾಡಿಯಲ್ಲಿ ಕೆಲಸ. ಐಟಿ ಕಂಪನಿಗಳೇ ತುಂಬಿರುವ ಹಿಂಜವಡಿ ಪಕ್ಕದಲ್ಲಿ ಮನೆ ಮಾಡಿ ಊರಿನ ಇನ್ನೊಂದು ತುದಿಯಲ್ಲಿ ಕೆಲಸ ಹಿಡಿದವಳು, ದಿನಾ ಮೂರು ತಾಸು ಟ್ರಾಫಿಕ್ಕಿನಲ್ಲಿ ಕೂತು ಈ ಪಾಯಿಂಟುಗಳ ಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದಾಳೆ. "ಆಂಟಿ, ಮಿಕ್ಸರ್ ತಗೊಂಡ್ರೆ ನಾನು ನಿಮ್ಮ ಜೊತೆ ಮಾತಾಡಲ್ಲ" ಎಂದು ಲ್ಯಾಪ್‌ಟಾಪ್ ಸಮೇತ ನಮ್ಮ ಊಟದ ಟೇಬಲ್ಲಿಗೆ ಬಂದು ಕೂತಳು. ಮಾರಿಷಸ್ಸಿನದೊಂದು, ಥಾಯ್ಲೆಂಡಿನದೊಂದು, ಮಾಲ್ಡೀವ್ಸಿನದೊಂದು, ಹೀಗೆ ಮೂರು ಹೋಟೆಲು ತೆಗೆದಿಟ್ಟಳು.

ಮೂರರ ಫೋಟೋಗಳನ್ನೂ ನೋಡಿದೆ. ಎಲ್ಲದರಲ್ಲೂ ಒಬ್ಬ ಹೆಂಗಸು ದೊಡ್ಡ ಟೋಪಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಸಮುದ್ರ ನೋಡುತ್ತಿದ್ದಾಳೆ. ಒಬ್ಬಳಾದರೂ ತಿರುಗಿ, ಇಲ್ಲಿ ನಾಷ್ಟಾಕ್ಕೆ ಏನು ಕೊಡುತ್ತಾರೆ ಎಂದು ಹೇಳುವುದಿಲ್ಲ. ಥಾಯ್ಲೆಂಡಿನ ಹೋಟೆಲಿನಲ್ಲಿ ಹಾಸಿಗೆಗೂ ಬಚ್ಚಲಿಗೂ ನಡುವೆ ಗಾಜು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಪರೀಕ್ಷೆ ಕಠಿಣವಾಗಿರಲಿ ಎಂದು ನಾನು ಬಯಸಿದ್ದೆ, ಅಷ್ಟು ಕಠಿಣ ಬೇಡ ಅನ್ನಿಸಿತು. ಮಾರಿಷಸ್ ಚೆನ್ನಾಗಿತ್ತು, ಆದರೆ ಅಲ್ಲಿ ಸಕ್ಕರೆ ಕಾರ್ಖಾನೆಗಳಿವೆ ಎಂದು ಮನೆಯವರು ಕಣ್ಣರಳಿಸಿದ ಕೂಡಲೇ ಹೊಡೆದುಹಾಕಿದೆ. ಕಾರ್ಖಾನೆ ಇದ್ದಲ್ಲಿ ಮಷಿನ್ ಇರುತ್ತದೆ, ಮಷಿನ್ ಇದ್ದಲ್ಲಿ ಈ ಮನುಷ್ಯ ನನ್ನ ಕೈಗೆ ಸಿಗುವುದಿಲ್ಲ.

ಅವರು ಹೋಟೆಲ್ ನೋಡುವ ರೀತಿಯೇ ಬೇರೆ, ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಹಾಗೆ. ಸಮುದ್ರದ ಫೋಟೋ ಬಂದರೆ ಬೆರಳಿಂದ ಸರಿಸುತ್ತಿದ್ದರು. ಚಹಾದ ಕೆಟಲ್ ಇದೆಯೇ, ಇಸ್ತ್ರಿ ಇದೆಯೇ, ಪ್ಲಗ್ಗು ಹಾಸಿಗೆಯ ಪಕ್ಕ ಇದೆಯೇ, ಖಾಲಿ ಮಾಡುವುದು ಎಷ್ಟು ಗಂಟೆಗೆ. ಇನ್ನೂ ಹೋಗೇ ಇಲ್ಲ, ಖಾಲಿ ಮಾಡುವ ಚಿಂತೆ.

ಕೊನೆಗೆ ಮಾಲ್ಡೀವ್ಸ್ ಗೆದ್ದಿತು. ಮೇ ತಿಂಗಳಲ್ಲಿ ಅಲ್ಲಿ ಮಳೆ ಗಾಳಿ ಶುರು, ಜನ ಕಡಿಮೆ, ಕಡಿಮೆ ಪಾಯಿಂಟಿಗೆ ನೀರಿನ ಮೇಲಿನ ಕೋಣೆ ಸಿಗುತ್ತದೆ ಎಂದು ಚೈತ್ರಾ ಹೇಳಿದಳು. ವಿಮಾನದ ಎರಡು ಟಿಕೆಟ್ ಅವಳೇ ತೆಗೆಸಿದಳು. ಹೋಟೆಲನ್ನೂ ಅವಳೇ ಬುಕ್ ಮಾಡುತ್ತಿದ್ದಳು, ಆದರೆ ಮನೆಯವರಿಗೆ ಅಭಿಮಾನ ಅಡ್ಡ ಬಂತು. ಹದಿನೆಂಟು ವರ್ಷದಿಂದ ಇದನ್ನೇ ಮಾಡ್ತಾ ಬಂದೀನಿ, ಇದರಾಗ ಯಾರೂ ಕೈ ಹಾಕಬ್ಯಾಡ್ರಿ ಎಂದು ಮೊಬೈಲ್ ಹಿಡಿದು, ಚಹಾ ಕುದಿಯುವುದರೊಳಗೆ ಹೆಬ್ಬೆರಳಿನಿಂದ ಟಪಟಪ ಒತ್ತಿ, ಆಯ್ತು ಎಂದರು.

ಲೋಣಾವಳಾ

ಮುಂಬೈ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಬಂದಾಗ ಬೆಳಗಿನ ಆರು ಗಂಟೆ. ನಾನು ಮೂರು ದಿನದಿಂದ ಸಾಮಾನು ಕಟ್ಟುತ್ತಿದ್ದೆ, ಅವರು ಒಂಬತ್ತು ನಿಮಿಷದಲ್ಲಿ ಕಟ್ಟಿದ್ದರು. ಕಟ್ಟಿದವರೇ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು. ಅದು ಅವರ ಮಾಮೂಲು ಸೀಟು. ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಲಕ್ಕಿ ಚೂಡಾದ ಡಬ್ಬಿ.

ದಾರಿಯುದ್ದಕ್ಕೂ ಡ್ರೈವರ್ ಜೊತೆ ಮರಾಠಿಯಲ್ಲಿ ಹರಟೆ. ಅವನ ಗಾಡಿಯ ಸಾಲ, ಅಣ್ಣ ತಮ್ಮಂದಿರ ಜಗಳ, ಮೊಳಕಾಲು ನೋವು ಎಲ್ಲ ಲೋಣಾವಳಾ ಬರುವುದರೊಳಗೆ ಹೊರಬಂತು. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೊಳಕಾಲೂ ನೋಯುತ್ತದೆ, ಯಾರೂ ಕೇಳಿಲ್ಲ. ಚಿಕ್ಕಿ ಅಂಗಡಿಯ ಮುಂದೆ ಗಾಡಿ ನಿಂತಾಗ ಅವರು ಇಳಿದು ಎರಡು ಚಹಾ ತಂದರು. ಒಂದು ಅವರಿಗೆ, ಒಂದು ಡ್ರೈವರನಿಗೆ. ಕಿಟಕಿಯ ಗಾಜು ಇಳಿಸಿ ನಾನು ಕೆಮ್ಮಿದ ಮೇಲೆ, ಪಾಪ, ತಮ್ಮ ಕಪ್ಪನ್ನೇ ನನಗೆ ಕೊಟ್ಟು ಮೂರನೆಯದಕ್ಕೆ ಓಡಿದರು. ಮುಖದಲ್ಲಿ ನಿಜವಾಗಿಯೂ ನಾಚಿಕೆ ಇತ್ತು, ಅದಕ್ಕೇ ಬೈಯಲಿಲ್ಲ.

ವಿಮಾನ ನಿಲ್ದಾಣದಲ್ಲೂ ಅದೇ ಕಥೆ. ಬೆಲ್ಟ್ ಬಿಚ್ಚಿ, ಲ್ಯಾಪ್‌ಟಾಪ್ ಟ್ರೇಗೆ ಹಾಕಿ, ನೀರಿನಲ್ಲಿ ಮೀನು ಹೋದಂತೆ ಮುಂದೆ ಹೋದರು. ನಾನು ಗೇಟು ಹುಡುಕಿಕೊಂಡು ಹೋದಾಗ ಪೇಪರ್ ಓದುತ್ತ ಕೂತಿದ್ದವರು ತಲೆಯೆತ್ತಿ, ಪರಿಚಯದವರನ್ನು ಕಂಡ ಹಾಗೆ ನಕ್ಕರು.

ಮಾಲೆ

ನಮ್ಮಲ್ಲಿ ನಿಲ್ದಾಣದ ಬಾಗಿಲು ದಾಟಿದರೆ ಆಟೋದವರು ಮುತ್ತಿಕೊಳ್ಳುತ್ತಾರೆ. ಮಾಲೆಯಲ್ಲಿ ಬಾಗಿಲು ದಾಟಿದರೆ ಸಮುದ್ರ. ಆಟೋ ಸ್ಟ್ಯಾಂಡ್ ಇರಬೇಕಾದ ಜಾಗದಲ್ಲಿ ಬೋಟುಗಳು ಸಾಲಾಗಿ ನಿಂತಿವೆ, ಯಾರೂ ಕೂಗುವುದಿಲ್ಲ, ಯಾರೂ ನಿಮ್ಮ ಚೀಲ ಎಳೆಯುವುದಿಲ್ಲ. ಸ್ವಲ್ಪ ಅವಮಾನವೇ ಆಯಿತು. ಒಂದೊಂದು ಹೋಟೆಲಿಗೂ ಒಂದೊಂದು ಕೌಂಟರ್. ನಮ್ಮ ಕೌಂಟರಿನಲ್ಲಿ ತಲೆಗೆ ಬಟ್ಟೆ ಸುತ್ತಿದ ಚುರುಕಾದ ಹುಡುಗಿಯೊಬ್ಬಳು ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಮಿಸ್ಟರ್ ಬಸವರಾಜ, ಒಬ್ಬರು, ಬನ್ನಿ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮ್ಯಾಡಂ ನಿಮ್ಮದು ಯಾವ ಹೋಟೆಲು ಎಂದು ಕೇಳಿದಳು.

ಇವರದೇ ಎಂದೆ. ಅವಳು ಮತ್ತೊಮ್ಮೆ ಪಟ್ಟಿ ನೋಡಿದಳು. ಅತಿಥಿಗಳ ಸಂಖ್ಯೆ ಒಂದು. ನಾಷ್ಟಾ ಒಂದು. ಬೋಟಿನ ಸೀಟು ಒಂದು. ಮನೆಯವರ ಮುಖ ಸುಣ್ಣವಾಯಿತು.

"ನಿನ್ನ ಬಿಟ್ಟು ಅಂತಲ್ಲ" ಎಂದರು. "ಬೆರಳು ತಾನಾ ಒಂದರ ಮ್ಯಾಲೆ ಹೋತು."

ಅದು ಸುಳ್ಳಲ್ಲವೆಂದು ನನಗೆ ಗೊತ್ತು. ಹದಿನೆಂಟು ವರ್ಷ ಒಂದನ್ನೇ ಒತ್ತಿದ ಬೆರಳು. ಆದರೆ ಸುಳ್ಳಾಗಿದ್ದರೇ ಚೆನ್ನಾಗಿತ್ತು. ಬೇಕೆಂದೇ ಬಿಟ್ಟಿದ್ದರೆ ಜಗಳ ಆಡಬಹುದು, ನೆನಪೇ ಆಗದಿದ್ದರೆ ಯಾರ ಜೊತೆ ಜಗಳ? ನನಗೆ ಆ ಜನರ ನಡುವೆ ಅಳು ಬಂತು, ನುಂಗಿಕೊಂಡೆ.

ಹುಡುಗಿ ಒಳ್ಳೆಯವಳು. ಇನ್ನೊಂದು ಹೆಸರು ಸೇರಿಸುವುದು ಕಷ್ಟವೇನಲ್ಲ, ಕೋಣೆಯಲ್ಲಿ ಜಾಗವಿದೆ, ಆದರೆ ಈಗ ಹೊರಡುವ ಬೋಟಿನಲ್ಲಿ ಉಳಿದಿರುವುದು ಒಂದೇ ಸೀಟು. ಇನ್ನೊಬ್ಬರು ಮುಂದಿನ ಬೋಟಿಗೆ ಬರಬೇಕು ಎಂದು ಸಮಾಧಾನ ಹೇಳಿದಳು. ಆಗ ಮನೆಯವರು, ಅಷ್ಟೆಲ್ಲ ಆದಮೇಲೂ, ಬಾಯಿಬಿಟ್ಟು ಹೇಳಿದ್ದು ಇದು: "ನಾ ಹೋಗಿ ರೂಮ್ ನೋಡಿರ್ತೀನಿ, ನೀ ಮುಂದಿನ ಬೋಟಿಗೆ ಬಾ."

ನಾನು ಚಪ್ಪಲಿ ಬಿಚ್ಚಿದೆ. ಹೊಡೆಯಲಿಕ್ಕಲ್ಲ, ಅಲ್ಲಿಯ ಬೋಟು ಹತ್ತುವಾಗ ಎಲ್ಲರೂ ಚಪ್ಪಲಿ ಬಿಚ್ಚಿ ಒಂದು ಬುಟ್ಟಿಗೆ ಹಾಕಬೇಕು, ಗುಡಿಗೆ ಹೋದ ಹಾಗೆ. "ನಾ ಹೋಗ್ತೀನ್ರಿ, ನೀವು ಆಮ್ಯಾಲೆ ಬರ್ರಿ" ಎಂದು ಬುಟ್ಟಿಗೆ ಎಸೆದು, ಹತ್ತಿ ಕೂತೆ. ಬೋಟು ತಿರುಗಿದಾಗ ನೋಡಿದೆ. ಎರಡು ಸೂಟ್‌ಕೇಸಿನ ನಡುವೆ ಚೂಡಾದ ಡಬ್ಬಿ ಹಿಡಿದು ನಿಂತಿದ್ದರು.

ದ್ವೀಪ, ಮೊದಲ ಸಂಜೆ

ದಡದಲ್ಲಿ ನಾಲ್ಕು ಜನ ಸಾಲಾಗಿ ನಿಂತು ಡೋಲು ಬಡಿದು, ವೆಲ್‌ಕಮ್ ಬ್ಯಾಕ್ ಮಿಸ್ಟರ್ ಬಸವರಾಜ ಎಂದರು. ಕಂಪನಿಯ ಹಳೆಯ ಗಿರಾಕಿಗೆ ಹೊಸ ದ್ವೀಪದಲ್ಲೂ ಬ್ಯಾಕ್ ಎನ್ನುತ್ತಾರೆ. ಧನ್ಯವಾದ ಎಂದೆ. ಹೆಸರಿಗೂ ಮುಖಕ್ಕೂ ತಾಳೆಯಾಗದ್ದು ನೋಡಿಯೂ ಅವರು ನಗು ಬಿಡಲಿಲ್ಲ, ಒಳ್ಳೆಯ ತರಬೇತಿ. ಕೋಣೆಗೆ ಕರೆದೊಯ್ದ ರಶೀದ್ ಆ ದೇಶದವನೇ, ಬೇರೊಂದು ದ್ವೀಪದವನು. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಮಾತಾಡುತ್ತಾನೆ, ಹಾಗಾಗಿ ಚಹಾ ಬೇಕೇ ಎಂದು ಕೇಳಿದರೂ ನಾಯಕ ಪ್ರತಿಜ್ಞೆ ಮಾಡಿದಂತೆ ಇರುತ್ತದೆ. ಗಡಿಯಾರ ಒಂದು ತಾಸು ಮುಂದಿಡಿ ಎಂದ. ಅತಿಥಿಗಳಿಗೆ ಬಿಸಿಲು ಹೆಚ್ಚು ಹೊತ್ತು ಸಿಗಲೆಂದು ಹೋಟೆಲಿನವರು ತಮ್ಮದೇ ಟೈಮ್ ಇಟ್ಟುಕೊಂಡಿದ್ದಾರಂತೆ. ನಮ್ಮ ಕಡೆ ಮದುವೆ ಕಾರ್ಡಿನಲ್ಲೂ ಅದನ್ನೇ ಮಾಡುತ್ತೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಕೋಣೆ ಫೋಟೋದಲ್ಲಿದ್ದಂತೆಯೇ ಇತ್ತು. ಹಾಸಿಗೆಯ ಮೇಲೆ ಹಸಿರು ಎಲೆಗಳಿಂದ ಮನೆಯವರ ಹೆಸರು ಬರೆದಿದ್ದರು. ಒಂದು ನಿಲುವಂಗಿ, ಒಂದು ಜೊತೆ ಸ್ಲಿಪ್ಪರ್, ಒಂದು ಚಹಾದ ಕಪ್ಪು. ನನ್ನ ಬಟ್ಟೆಗಳೆಲ್ಲ ಮಾಲೆಯ ಕಟ್ಟೆಯ ಮೇಲಿದ್ದವು. ಬಚ್ಚಲಿಗೆ ಗೋಡೆ ಇತ್ತು, ಚಾವಣಿ ಇರಲಿಲ್ಲ. ಸ್ನಾನದ ನಡುವೆ ತಲೆಯೆತ್ತಿದರೆ ನಾಯಿಮರಿಯಷ್ಟು ದೊಡ್ಡ ಬಾವಲಿಯೊಂದು ಕೋಣೆಯ ಮಾಡಿಗೆ ಹೊದಿಸಿದ ತೆಂಗಿನ ಗರಿಯಿಂದ ಜೋತುಬಿದ್ದು ನನ್ನನ್ನೇ ನೋಡುತ್ತಿತ್ತು. ಗೋಡೆಯನ್ನಷ್ಟೇ ಪರಿಶೀಲಿಸಿ ಚಾವಣಿಯನ್ನು ಮರೆತದ್ದು ನನ್ನದೇ ತಪ್ಪು.

ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಇದ್ದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮೊದಲ ತಾಸು ಮಹಾರಾಣಿ. ಹಾಸಿಗೆಯ ನಟ್ಟನಡುವೆ ಅಡ್ಡಡ್ಡ ಮಲಗಿದೆ. ಎರಡನೇ ತಾಸಿನಲ್ಲಿ ಕೆಟಲಿನಲ್ಲಿ ನೀರು ಕಾಯಿಸಿ ಆ ಒಂದು ಕಪ್ಪಿನಲ್ಲಿ ಚಹಾ ಕುಡಿದೆ. ಮೂರನೇ ತಾಸಿಗೆ ಟಿವಿ ಹಚ್ಚಿದೆ. ಯಾವುದೋ ಅರ್ಥವಾಗದ ಭಾಷೆಯಲ್ಲಿ ಯಾರೋ ಮೀನು ಕೊಯ್ಯುತ್ತಿದ್ದರು, ಅದನ್ನೇ ನೋಡಿದೆ. ಕೋಣೆಯಲ್ಲಿ ಮನುಷ್ಯರ ದನಿ ಇರಲಿ ಅನ್ನಿಸಿತ್ತು. ಗಾಳಿ ಎದ್ದು ಮುಂದಿನ ಬೋಟು ತಡವಾಗಿದೆ ಎಂದು ರಶೀದ್ ಹೇಳಿಹೋದ. ನನಗೆ ಕೋಪ ಇಳಿದು ಕಳವಳ ಶುರುವಾಗಿತ್ತು.

ಕತ್ತಲಾಗುವ ಹೊತ್ತಿಗೆ ಫೋನ್ ಬಂತು. ಸೂಟ್‌ಕೇಸ್ ಹಿಡಿದ ಒಬ್ಬರು ಬಂದಿದ್ದಾರೆ, ಅವರ ಹೆಸರಿನ ಅತಿಥಿ ಆಗಲೇ ಒಳಗಿದ್ದಾರೆ, ಆದರೆ ನಿಮ್ಮ ಗಂಡ ಎಂದು ಹೇಳುತ್ತಿದ್ದಾರೆ, ಕಳಿಸಬಹುದೇ ಎಂದು ರಿಸೆಪ್ಷನ್ನಿನವರು ಕೇಳಿದರು. ನೋಡಲು ಹೇಗಿದ್ದಾರೆ ಎಂದು ಕೇಳಿದೆ. ಪೂರ್ತಿ ನೆನೆದಿದ್ದಾರೆ ಎಂದರು. ಕಳಿಸಿ ಎಂದೆ.

ಬಾಗಿಲ ಹತ್ತಿರ ಬಂದು ನಿಂತ ಮನುಷ್ಯ ಒಳಗೆ ಕಾಲಿಡಲಿಲ್ಲ. ಕನ್ನಡಕದಿಂದ ನೀರು ಇಳಿಯುತ್ತಿತ್ತು. "ಒಳಗ ಬರ್ಲೇನು?" ಎಂದು ಕೇಳಿದರು. ಟವೆಲ್ ಕೊಟ್ಟೆ. ಚೂಡಾದ ಡಬ್ಬಿ ಮಾತ್ರ ನೆನೆದಿರಲಿಲ್ಲ, ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದರು.

ಎರಡನೇ ದಿನ

ಬೆಳಿಗ್ಗೆ ಐದೂವರೆಗೆ ಕಣ್ಣು ಬಿಟ್ಟರೆ ಅವರು ಸ್ನಾನ ಮುಗಿಸಿ, ಅಂಗಿ ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟ್ ಬಿಗಿದು, ಬೂಟು ಹಾಕಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಎಲ್ಲಿಗೆ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲ ಎಂದರು.

ನಾಷ್ಟಾಕ್ಕೆ ಅಲ್ಲಿಯ ಜನ ಮೀನು, ತೆಂಗಿನ ತುರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಿವುಚಿ ಚಪಾತಿಯಂಥದರ ಜೊತೆ ತಿನ್ನುತ್ತಾರೆ. ನಮಗಾಗಿ ಮೀನು ಬಿಟ್ಟು ಕಲಸಿಕೊಟ್ಟರು. ಮೀನು ಬಿಟ್ಟರೆ ಅದು ನಮ್ಮ ಕೊಬ್ಬರಿ ಚಟ್ನಿಯೇ. ಇಷ್ಟು ದೂರ ಬಂದು ಚಟ್ನಿ ಚಪಾತಿ ತಿಂದೆವು, ಖುಷಿಯಿಂದ. ಅಷ್ಟರಲ್ಲಿ ಊಟದ ಮನೆಯ ಕಾಫಿ ಮಷಿನ್ ಗೊರಗೊರ ಎಂದು ನಿಂತುಹೋಯಿತು. ಇವರ ಕಿವಿ ನಿಮಿರಿತು. ನಾನು ಬೇಡ ಎನ್ನುವುದರೊಳಗೆ ಎದ್ದು ಹೋಗಿ, ಅಂಗಿಯ ತೋಳು ಮಡಚಿ, ಚಮಚದ ಹಿಡಿಯಿಂದ ಅದರ ಹೊಟ್ಟೆ ಬಿಚ್ಚಿದರು. ಮಷಿನ್ ಗುಣವಾಯಿತು, ಅಡುಗೆಯವರೆಲ್ಲ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಐಸ್ ಮಷಿನ್ ನೋಡಲು ಕರೆ ಬಂತು, ಸಂಜೆ ಲಾಂಡ್ರಿಯಿಂದ. ಕಾರ್ಖಾನೆ ಇದೆಯೆಂದು ಮಾರಿಷಸ್ಸನ್ನು ಹೊಡೆದುಹಾಕಿದ ನಾನು ಸಮುದ್ರದ ನಡುವೆ ಒಬ್ಬಳೇ ಕುರ್ಚಿಯಲ್ಲಿ ಕೂತು, ದೊಡ್ಡ ಟೋಪಿ ಹಾಕಿಕೊಂಡು, ಎಲ್ಲರಿಗೂ ಬೆನ್ನು ಮಾಡಿ ನೀರು ನೋಡಿದೆ. ಆ ಫೋಟೋದ ಹೆಂಗಸರ ಗಂಡಂದಿರು ಎಲ್ಲಿದ್ದರೆಂದು ಆಗ ಗೊತ್ತಾಯಿತು.

ಮೂರನೇ ದಿನ

ಇಡೀ ದಿನ ಮಳೆ. ಮಷಿನ್ನುಗಳೆಲ್ಲ ಸರಿಯಾಗಿದ್ದವು. ಕೋಣೆಯಲ್ಲಿ ನಾವಿಬ್ಬರೇ, ಹತ್ತು ಗಂಟೆಗೆಲ್ಲ ಮಾತು ಮುಗಿಯಿತು. ಮಗಳ ಪರೀಕ್ಷೆ, ಸೊಸೈಟಿಯ ನೀರಿನ ಟ್ಯಾಂಕರ್, ಗದಗಿನ ತಮ್ಮನ ಹೊಸ ಮನೆ ಆಯಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಚೂಡಾ ತಿಂದೆವು.

ಕೊಡೆ ತಂದ ರಶೀದನನ್ನು ಹೆಚ್ಚೂಕಡಿಮೆ ಹಿಡಿದು ಕೂರಿಸಿಕೊಂಡೆವು. ಅವನ ಸಂಸಾರ ಬೋಟಿನಲ್ಲಿ ಒಂದು ದಿನದ ದಾರಿ. ಅಲ್ಲಿಯ ಗಂಡಸರು ಬಹಳ ಜನ ಹೀಗೆಯೇ, ಹೋಟೆಲಿನ ದ್ವೀಪದಲ್ಲಿ ದುಡಿದು ವರ್ಷಕ್ಕೊಮ್ಮೆ ಒಂದು ತಿಂಗಳು ಮನೆಗೆ ಹೋಗುತ್ತಾರಂತೆ. ಮೊದಲ ವಾರ ಹಬ್ಬ, ಎರಡನೇ ವಾರದಲ್ಲಿ ಹೆಂಡತಿ, ನಿನ್ನ ರಜೆ ಯಾವಾಗ ಮುಗಿಯುತ್ತದೆ ಎಂದು ಕೇಳಲು ಶುರು ಮಾಡುತ್ತಾಳೆ ಎಂದು ಹೇಳಿ ಅವನು ಜೋರಾಗಿ ನಕ್ಕ. ನಾನೂ ನಕ್ಕೆ. ಮನೆಯವರು ಮಾತ್ರ ನಗಲಿಲ್ಲ, ಎದ್ದು ಹೋಗಿ ಕಿಟಕಿಯ ಬಳಿ ನಿಂತರು.

ನಾನು ಹಾಗೆ ಎಷ್ಟು ಸಲ ಕೇಳಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ.

ಕೊನೆಯ ಬೆಳಿಗ್ಗೆ

ನೀರಿಗೆ ಇಳಿಯುವ ಮೆಟ್ಟಿಲಿನ ಮೇಲೆ ಕೂತಿದ್ದೆವು. ನಾಲ್ಕನೇ ದಿನವನ್ನೂ ನುಂಗಿದ ಮಳೆ ಕೊನೆಗೂ ನಿಂತಿತ್ತು. ಅವರು ಬೂಟು ಬಿಚ್ಚಿ ಪ್ಯಾಂಟು ಮಡಚಿದ್ದರು. ಸಂಜೆ ಹೋಟೆಲಿಗೆ ಮರಳಿದರೆ ಮರುದಿನ ಕಾರ್ಖಾನೆಗೆ ಹೋಗುವವರೆಗೆ ಎಷ್ಟೋ ಸಲ ತಾವು ಒಂದು ಮಾತೂ ಆಡುತ್ತಿರಲಿಲ್ಲ ಎಂದು ತಾವಾಗಿಯೇ ಹೇಳಿದರು. ಡ್ರೈವರ್ ಸಿಕ್ಕರೆ ಅಷ್ಟು ಮಾತಾಡುವುದು ಅದಕ್ಕೇ. ಮನೆಗೆ ಫೋನ್ ಮಾಡಿದರೆ ನೀನು ಕೆಲಸದಲ್ಲಿರುತ್ತಿದ್ದೆ, ಊಟ ಆಯ್ತು, ಇಡ್ತೀನಿ ಎನ್ನುತ್ತಿದ್ದೆ ಎಂದರು. ದೂರಲಿಲ್ಲ, ಇದ್ದದ್ದನ್ನು ಹೇಳಿದರು. ಆಮೇಲೆ ನೀರು ನೋಡುತ್ತಲೇ ಕೇಳಿದರು.

"ಜೂನ್‌ದಾಗ ಬರ್ತೀನಲ್ಲ, ನಿನ್ನ ಮನ್ಯಾಗ ನಾ ಎಲ್ಲೆ ಕುಂದರ್ಲಿ?"

ನಮ್ಮ ಮನೆ ಎನ್ನಲಿಲ್ಲ. ತಿದ್ದಲೆಂದು ಮನಸ್ಸಿನಲ್ಲೇ ವಾಕಡದ ಬಾಗಿಲು ತೆಗೆದು ಒಂದೊಂದು ಕೋಣೆಯಾಗಿ ನೋಡುತ್ತ ಹೋದೆ. ಇವರ ಕುರ್ಚಿ ಎಂಬುದು ಎಲ್ಲಿಯೂ ಇರಲಿಲ್ಲ. ಅವರು ಒಂದು ಸಲ ಬೆರಳಿನಿಂದ ಮಾಡಿದ್ದನ್ನು ನಾನು ಹದಿನೆಂಟು ವರ್ಷ ಇಡೀ ಮನೆಯಲ್ಲಿ ಮಾಡಿಟ್ಟಿದ್ದೆ. ಪರೀಕ್ಷೆ ಅವರದೊಂದೇ ಎಂದುಕೊಂಡು ಹೊರಟಿದ್ದೆ.

"ಗೊತ್ತಿಲ್ರಿ" ಎಂದೆ. "ಹುಡುಕೋಣು."

"ಬಾಲ್ಕನಿ?"

"ಅಲ್ಲೆ ಅರಿವಿ ಒಣಗ್ತಾವ."

"ಹಾಲ್?"

"ಐದರಿಂದ ಏಳರ ತನಕ ನನ್ನ ಟ್ಯೂಷನ್ ಹುಡುಗ್ರು ಇರ್ತಾವ."

ಅವರು ಪ್ಯಾಂಟನ್ನು ಇನ್ನೊಂದು ಸುತ್ತು ಮಡಚಿದರು. "ಅಡಗಿಮನಿ?" ಎಂದರು.

ಅಡುಗೆಮನೆಯನ್ನು ಇದುವರೆಗೆ ಯಾರೂ ನನ್ನ ಹತ್ತಿರ ಕೇಳಿರಲಿಲ್ಲ. "ಅಲ್ಲೆ ಕುಂದರಾಕ ಆಗೂದಿಲ್ರಿ, ನಿಂದರಬೇಕಾಗ್ತದ" ಎಂದೆ.

"ನಿಂದರ್ತೀನಿ" ಎಂದರು.

ಹಾಗಾದರೆ ಮೊದಲ ವಾರ ಉಳ್ಳಾಗಡ್ಡಿ ಹೆಚ್ಚುವ ಕೆಲಸ, ಕಣ್ಣು ಉರಿದರೆ ಟೂರಿಗೆ ಓಡುವ ಹಾಗಿಲ್ಲ ಎಂದು ನಾನು ಅಲ್ಲೇ ಕರಾರು ಹಾಕಿದೆ. ಅವರು ತಲೆಯಾಡಿಸಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಉಳ್ಳಾಗಡ್ಡಿ ಇನ್ನೂ ಬಂದಿರಲಿಲ್ಲ.